ಮುಕ್ತ ಸಾಮಾಜಿಕ ಜಾಲದ ಸರ್ವರು: ಅದರ ರಚನೆ, ಅದರ ಪರವಾನಗಿ

ಹೋಟೆಲಿನಲ್ಲಿ ಊಟಮಾಡಿ ಹಣ ಕೊಟ್ಟು ಬರುವವನಿಗೆ ಆ ಅಡುಗೆಯ ಪಾಕಕ್ರಮವನ್ನು ಕೇಳುವ ಹಕ್ಕು ಉಂಟೆ? ಸಾಮಾನ್ಯವಾಗಿ ಇಲ್ಲವೆಂದೇ ಹೇಳಬೇಕು. ಆದರೆ ಹೀಗೊಂದು ಸಂದರ್ಭವನ್ನು ಕಲ್ಪಿಸಿಕೊಳ್ಳೋಣ. ಆ ಪಾಕಕ್ರಮವನ್ನು ಬರೆದವನು ಹೋಟೆಲಿನ ಯಜಮಾನನಲ್ಲ. ಬೇರೆ ಕೆಲವರು ಕೂಡಿ ಒಂದು ಪಾಕಪುಸ್ತಕವನ್ನು ಬರೆದು, ಅದನ್ನು ಯಾರು ಬೇಕಾದರೂ ಉಪಯೋಗಿಸಬಹುದು, ತಿದ್ದಬಹುದು. ಆದರೆ ತಿದ್ದಿದ ಪುಸ್ತಕವನ್ನು ಇನ್ನೊಬ್ಬರಿಗೆ ಕೊಡುವವರು ಅದೇ ಸ್ವಾತಂತ್ರ್ಯವನ್ನೂ ಅವರಿಗೆ ಕೊಡಬೇಕು ಎಂಬ ಷರತ್ತಿನ ಮೇಲೆ ಲೋಕಕ್ಕೆಲ್ಲ ಹಂಚಿದ್ದಾರೆ. ಯಜಮಾನನು ಆ ಪುಸ್ತಕವನ್ನು ತಂದು, ತನಗೆ ಬೇಕಾದಂತೆ ತಿದ್ದಿ, ಅಡುಗೆ ಮಾಡಿಸಿ ಬಡಿಸುತ್ತಾನೆ. ಪುಸ್ತಕವನ್ನು ಮಾತ್ರ ಯಾರಿಗೂ ಕೊಡುವುದಿಲ್ಲ. ಅವನು ಷರತ್ತನ್ನು ಮುರಿದಂತಾಯಿತೆ?

ಇದು ಕಾಲಹರಣಕ್ಕಾಗಿ ಹೂಡಿದ ತರ್ಕವೆಂದು ತೋರಬಹುದು. ಆದರೆ ಕಂಪ್ಯೂಟರುಗಳಿಗಾಗಿ ತಂತ್ರಾಂಶವನ್ನು ಬರೆಯುವವರು ಈ ಶತಮಾನದ ಆರಂಭದಿಂದಲೂ ಇದೇ ಪ್ರಶ್ನೆಯನ್ನು ಎದುರಿಸುತ್ತ ಬಂದಿದ್ದಾರೆ. ಇಂದು ಕೋಟ್ಯಂತರ ಜನರ ಮಾತುಕತೆ, ಚಿತ್ರಗಳು, ಸ್ನೇಹಸಂಬಂಧಗಳು ಕೆಲವೇ ಸಂಸ್ಥೆಗಳ ಯಂತ್ರಗಳಲ್ಲಿ ನೆಲೆಸಿವೆ. ಆ ಯಂತ್ರಗಳ ಒಳಗೆ ನಡೆಯುವುದನ್ನು ಅರಿಯುವ ಹಕ್ಕು, ಮನಸ್ಸಿಗೆ ಬಾರದಿದ್ದರೆ ಬೇರೊಂದು ಯಂತ್ರಕ್ಕೆ ಹೋಗುವ ಹಕ್ಕು ಬಳಕೆದಾರನಿಗೆ ಇರಬೇಕೆ ಎಂಬುದು ಮೇಲಿನ ಪ್ರಶ್ನೆಗೆ ನಾವು ಕೊಡುವ ಉತ್ತರವನ್ನು ಅವಲಂಬಿಸಿದೆ. ಮ್ಯಾಸ್ಟೊಡಾನ್ ಎಂಬ ತಂತ್ರಾಂಶವನ್ನು ನಿದರ್ಶನವಾಗಿ ಇಟ್ಟುಕೊಂಡು, ಇಂಥ ಸರ್ವರಿನ ರಚನೆ ಹೇಗೆ, ಅದರ ಪರವಾನಗಿ ಏನನ್ನು ಸಾಧಿಸುತ್ತದೆ ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಸರ್ವರು ಎಂದರೇನು?

ಸರ್ವರು ಎಂಬ ಮಾತಿಗೆ ಬಡಿಸುವವನು, ಸೇವೆ ಮಾಡುವವನು ಎಂದು ಅರ್ಥ. ಬೇರೆ ಕಂಪ್ಯೂಟರುಗಳು ಕೇಳಿದುದನ್ನು ಒದಗಿಸುತ್ತ ಹಗಲಿರುಳೂ ಚಾಲನೆಯಲ್ಲಿರುವ ಕಂಪ್ಯೂಟರಿಗೆ ಈ ಹೆಸರು ಸಂದಿದೆ. ನಾವು ಮೊಬೈಲಿನಲ್ಲಿ ಸಾಮಾಜಿಕ ಜಾಲತಾಣವೊಂದನ್ನು ತೆರೆದಾಗ ಕೆಲಸದ ಬಹುಭಾಗ ನಡೆಯುವುದು ನಮ್ಮ ಕೈಯಲ್ಲಿರುವ ಉಪಕರಣದಲ್ಲಲ್ಲ, ದೂರದ ಸರ್ವರಿನಲ್ಲಿ. ಯಾರ ಮಾತು ನಮಗೆ ಮೊದಲು ಕಾಣಬೇಕು, ಯಾವುದು ಹಿಂದೆ ಸರಿಯಬೇಕು, ನಮ್ಮ ಯಾವ ವಿವರಗಳನ್ನು ಎಷ್ಟು ಕಾಲ ಇಟ್ಟುಕೊಳ್ಳಬೇಕು ಎಂಬುದನ್ನೆಲ್ಲ ಅಲ್ಲಿಯ ಪ್ರೋಗ್ರಾಂ ನಿರ್ಣಯಿಸುತ್ತದೆ. ಆ ಪ್ರೋಗ್ರಾಂ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

ಇದಕ್ಕೆ ಬದಲಾಗಿ, ಯಾರು ಬೇಕಾದರೂ ಪರೀಕ್ಷಿಸಬಹುದಾದ ತಂತ್ರಾಂಶದಿಂದ ಸಾಮಾಜಿಕ ಜಾಲವನ್ನು ಕಟ್ಟುವ ಯತ್ನಗಳು ಹಿಂದಿನಿಂದಲೂ ನಡೆದಿವೆ. 2008ರಲ್ಲಿ ಕೆನಡಾ ದೇಶದ ಮಾಂಟ್ರಿಯಲ್ ನಗರದಲ್ಲಿ ಇವಾನ್ ಪ್ರೊಡ್ರೊಮೊ ಅವರು ಐಡೆಂಟಿಕಾ ಎಂಬ ತಾಣವನ್ನು ಆರಂಭಿಸಿದರು. 2010ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾನಿಲಯದ ನಾಲ್ವರು ವಿದ್ಯಾರ್ಥಿಗಳು ಸಾರ್ವಜನಿಕರಿಂದ ಹಣ ಕೂಡಿಸಿ ಡಯಾಸ್ಪೊರಾ ಎಂಬುದನ್ನು ಕಟ್ಟತೊಡಗಿದರು. 2016ರಲ್ಲಿ ಜರ್ಮನಿಯ ತರುಣ ಯೂಜೆನ್ ರೋಚ್ಕೊ ಅವರು ಮ್ಯಾಸ್ಟೊಡಾನನ್ನು ಪ್ರಕಟಿಸಿದರು. ಆನೆಯನ್ನು ಹೋಲುತ್ತಿದ್ದು ಈಗ ಅಳಿದುಹೋಗಿರುವ ಒಂದು ಪ್ರಾಣಿಯ ಹೆಸರು ಅದು. ಈ ಹೊಸ ಮ್ಯಾಸ್ಟೊಡಾನ್ ಮಾತ್ರ ನೂರಾರು ಜನರ ಕೈಸೇರಿ ಇಂದಿಗೂ ಬೆಳೆಯುತ್ತಿದೆ.

ಇದನ್ನು ನಡೆಸಲು ಬೇಕಾದ ಭಾಗಗಳನ್ನು ಒಂದು ಕಚೇರಿಗೆ ಹೋಲಿಸಿದರೆ ಸುಲಭವಾಗಿ ತಿಳಿಯುತ್ತದೆ. ಬಂದವರ ಬೇಡಿಕೆಯನ್ನು ಕೇಳಿ ಉತ್ತರ ಕೊಡುವ ಮುಂಗಟ್ಟೆಯ ಗುಮಾಸ್ತನಂತೆ ಒಂದು ಪ್ರೋಗ್ರಾಂ ಇದೆ. ಇದನ್ನು ರೂಬಿ ಎಂಬ ಭಾಷೆಯಲ್ಲಿ ಬರೆದಿದ್ದಾರೆ. ಖಾತೆಗಳೂ ಬರಹಗಳೂ ಶಾಶ್ವತವಾಗಿ ಉಳಿಯುವ ದಫ್ತರದ ಕೋಣೆಯಂತೆ ಪೋಸ್ಟ್‌ಗ್ರೆಸ್ ಎಂಬ ದತ್ತಸಂಚಯವಿದೆ. ಆಗಾಗ ಬೇಕಾಗುವ ಚೀಟಿಗಳನ್ನು ಕೈಗೆಟಕುವಂತೆ ಇಡುವ ಮೇಜಿನ ಸೆಳೆಖಾನೆಯಂತೆ ರೆಡಿಸ್ ಎಂಬುದಿದೆ. ಮುಂಗಟ್ಟೆಯವನು ಒಪ್ಪಿಸಿದ ಕೆಲಸಗಳನ್ನು ಸಾಲಾಗಿ ಇಟ್ಟುಕೊಂಡು ಒಂದೊಂದಾಗಿ ಮುಗಿಸುವ ಹಿಂಗೋಣೆಯ ಕೆಲಸಗಾರರಂತೆ ಸೈಡ್‌ಕಿಕ್ ಎಂಬುದಿದೆ. ಈ ಭಾಗಗಳೆಲ್ಲವೂ ಮುಕ್ತ ತಂತ್ರಾಂಶಗಳಾಗಿಯೇ ದೊರೆಯುತ್ತವೆ. ಸಾಧಾರಣವಾದ ಒಂದು ಬಾಡಿಗೆಯ ಕಂಪ್ಯೂಟರಿನಲ್ಲಿ ಇವನ್ನು ಹೂಡಿ, ಒಂದು ಜಾಲವಿಳಾಸವನ್ನು ನೋಂದಾಯಿಸಿದರೆ ಸಣ್ಣದೊಂದು ಸಾಮಾಜಿಕ ಜಾಲ ಸಿದ್ಧವಾಯಿತು.

ಅಂಚೆಯ ಮಾದರಿ

ಆದರೆ ಹತ್ತು ಜನರಿರುವ ಒಂದು ಸರ್ವರಿನಲ್ಲಿ ಮಾತಾಡಿ ಪ್ರಯೋಜನವೇನು? ಸ್ನೇಹಿತರೆಲ್ಲ ಬೇರೆ ಕಡೆ ಇದ್ದಾರಷ್ಟೆ. ಇದಕ್ಕೆ ಉತ್ತರ ಅಂಚೆಯ ವ್ಯವಸ್ಥೆಯಲ್ಲಿದೆ. ಭಾರತದ ಅಂಚೆ ಇಲಾಖೆ ಬೇರೆ, ಜಪಾನಿನದು ಬೇರೆ. ಹಾಗಿದ್ದರೂ ಇಲ್ಲಿ ಡಬ್ಬಿಗೆ ಹಾಕಿದ ಕಾಗದ ಟೋಕಿಯೋ ನಗರದ ಮನೆಯನ್ನು ಮುಟ್ಟುತ್ತದೆ. 1874ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ಆದ ಒಡಂಬಡಿಕೆಯ ನಿಯಮಗಳನ್ನು ಎಲ್ಲ ದೇಶಗಳೂ ಒಪ್ಪಿಕೊಂಡಿರುವುದೇ ಇದಕ್ಕೆ ಕಾರಣ.

ಸಾಮಾನ್ಯವಾದ ನಿಯಮವೊಂದು ಇಲ್ಲದಿದ್ದರೆ ಆಗುವ ತೊಡಕನ್ನು ಸ್ವಲ್ಪ ಲೆಕ್ಕ ಹಾಕಿ ನೋಡಬಹುದು. 100 ಸರ್ವರುಗಳಲ್ಲಿ ಪ್ರತಿಯೊಂದು ಜೋಡಿಯೂ ತಮ್ಮಲ್ಲೇ ಬೇರೆ ಬೇರೆ ಒಪ್ಪಂದ ಮಾಡಿಕೊಳ್ಳಬೇಕಾದರೆ 100ನ್ನು 99ರಿಂದ ಗುಣಿಸಿ 2ರಿಂದ ಭಾಗಿಸಬೇಕು. ಎಂದರೆ 4,950 ಒಪ್ಪಂದಗಳು ಬೇಕು. ಎಲ್ಲಕ್ಕೂ ಒಂದೇ ನಿಯಮಾವಳಿಯಿದ್ದರೆ ಒಂದು ಸಾಕು. ಸಾಮಾಜಿಕ ಜಾಲಗಳಿಗೆ ಇಂಥ ನಿಯಮಾವಳಿಯೇ ಆಕ್ಟಿವಿಟಿಪಬ್. ಜಾಲದ ಮಾನಕಗಳನ್ನು ರೂಪಿಸುವ ಡಬ್ಲ್ಯು3ಸಿ ಎಂಬ ಅಂತರರಾಷ್ಟ್ರೀಯ ಸಂಸ್ಥೆ 2018ರ ಜನವರಿಯಲ್ಲಿ ಇದನ್ನು ಅಧಿಕೃತವಾಗಿ ಶಿಫಾರಸು ಮಾಡಿತು. ಮ್ಯಾಸ್ಟೊಡಾನ್ ಅದಕ್ಕೆ ಕೆಲವು ತಿಂಗಳು ಮೊದಲೇ, 2017ರಲ್ಲಿ, ಇದನ್ನು ಅಳವಡಿಸಿಕೊಂಡಿತ್ತು.

ಸಂದೇಶದ ಪ್ರಯಾಣ

ಒಂದು ಸಂದೇಶದ ಹಾದಿಯನ್ನು ಹಿಂಬಾಲಿಸೋಣ. ಅ ಎಂಬ ಸರ್ವರಿನಲ್ಲಿ ರಮಾ ಎಂಬವಳ ಖಾತೆಯಿದೆ. ಆ ಎಂಬ ಸರ್ವರಿನಲ್ಲಿ ಕೇಶವನ ಖಾತೆಯಿದೆ. ಹೆಸರು, ಸರ್ವರಿನ ವಿಳಾಸ ಎರಡೂ ಸೇರಿದರೆ ಒಬ್ಬರ ಪೂರ್ಣ ವಿಳಾಸವಾಗುತ್ತದೆ. ಇಮೇಲಿನ ಕ್ರಮವೂ ಇದೇ. ಪ್ರತಿಯೊಂದು ಖಾತೆಗೂ ಬಂದ ಕಾಗದಗಳ ಒಂದು ಪೆಟ್ಟಿಗೆ, ಕಳುಹಿಸಿದ ಕಾಗದಗಳ ಒಂದು ಪೆಟ್ಟಿಗೆ ಇರುತ್ತವೆ. ಕೇಶವನು ರಮಾಳ ಬರಹಗಳನ್ನು ಓದಬಯಸಿದರೆ ಅವನ ಸರ್ವರು ರಮಾಳ ಪೆಟ್ಟಿಗೆಗೆ ಒಂದು ವಿನಂತಿಯನ್ನು ಹಾಕುತ್ತದೆ. ಆಕೆಯ ಸರ್ವರು ಒಪ್ಪಿಗೆ ಕಳುಹಿಸುತ್ತದೆ. ಅಂದಿನಿಂದ ರಮಾ ಬರೆದ ಪ್ರತಿಯೊಂದು ಬರಹದ ಒಂದು ಪ್ರತಿ ಕೇಶವನ ಸರ್ವರಿಗೆ ತಾನಾಗಿ ಹೋಗುತ್ತದೆ.

ರಮಾಳಿಗೆ 400 ಸರ್ವರುಗಳಲ್ಲಿ ಹರಡಿದ 10,000 ಓದುಗರಿದ್ದಾರೆ ಎಂದಿಟ್ಟುಕೊಂಡರೆ, ಒಂದು ಬರಹವನ್ನು 10,000 ಸಲ ಕಳುಹಿಸಬೇಕಾಗಿಲ್ಲ. ಒಂದೊಂದು ಸರ್ವರಿಗೆ ಒಂದೊಂದರಂತೆ 400 ಪ್ರತಿಗಳನ್ನು ಕಳುಹಿಸಿದರೆ, ತನ್ನಲ್ಲಿರುವವರಿಗೆಲ್ಲ ಹಂಚುವ ಕೆಲಸವನ್ನು ಆಯಾ ಸರ್ವರೇ ಮಾಡುತ್ತದೆ. ಒಂದು ಸರ್ವರು ಆ ಹೊತ್ತಿಗೆ ಕೆಟ್ಟು ನಿಂತಿದ್ದರೆ ಹಿಂಗೋಣೆಯ ಕೆಲಸಗಾರರು ಸ್ವಲ್ಪ ತಡೆದು ಮತ್ತೆ ಯತ್ನಿಸುತ್ತಾರೆ. 2022ರ ಅಕ್ಟೋಬರಿನಲ್ಲಿ ಟ್ವಿಟರ್ ಸಂಸ್ಥೆ ಈಲಾನ್ ಮಸ್ಕ್ ಅವರ ಒಡೆತನಕ್ಕೆ ಹೋದಾಗ ಅದನ್ನು ಬಿಟ್ಟು ಬಂದವರಿಂದ ಮ್ಯಾಸ್ಟೊಡಾನಿನ ಮಾಸಿಕ ಬಳಕೆದಾರರ ಸಂಖ್ಯೆ ಸುಮಾರು 3 ಲಕ್ಷದಿಂದ 25 ಲಕ್ಷಕ್ಕೆ ಏರಿತು. ಆಗ ಅನೇಕ ಸರ್ವರುಗಳಲ್ಲಿ ಈ ಕೆಲಸದ ಸಾಲು ಬಹು ಉದ್ದವಾಗಿ ಸಂದೇಶಗಳು ತಡವಾಗಿ ತಲಪಿದವು.

ಬಂದ ಸಂದೇಶ ನಿಜವಾಗಿ ರಮಾಳದೇ ಎಂದು ಕೇಶವನ ಸರ್ವರು ತಿಳಿಯುವುದು ಹೇಗೆ? ಇದಕ್ಕೆ ಒಂದಕ್ಕೊಂದು ಸಂಬಂಧಪಟ್ಟ ಎರಡು ಕೀಲಿಗಳಿವೆ. ಗುಪ್ತ ಕೀಲಿ ರಮಾಳ ಸರ್ವರಿನಲ್ಲೇ ಉಳಿಯುತ್ತದೆ. ಬಹಿರಂಗ ಕೀಲಿಯನ್ನು ಎಲ್ಲರೂ ನೋಡಬಹುದು. ಗುಪ್ತ ಕೀಲಿಯಿಂದ ಹಾಕಿದ ಸಹಿಯನ್ನು ಬಹಿರಂಗ ಕೀಲಿಯಿಂದ ಪರೀಕ್ಷಿಸಬಹುದು. ಆದರೆ ಬಹಿರಂಗ ಕೀಲಿಯಿಂದ ಸಹಿಯನ್ನು ಕೃತಕವಾಗಿ ಸೃಷ್ಟಿಸಲಾಗದು. ರಿವೆಸ್ಟ್, ಶಮೀರ್, ಏಡಲ್ಮನ್ ಎಂಬ ಮೂವರು 1978ರಲ್ಲಿ ಪ್ರಕಟಿಸಿದ ವಿಧಾನ ಇದು. ಎರಡು ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸುವುದು ಸುಲಭ, ಗುಣಲಬ್ಧದಿಂದ ಅವನ್ನು ಮರಳಿ ಪಡೆಯುವುದು ಅತಿ ಕಷ್ಟ ಎಂಬುದೇ ಅದರ ಆಧಾರ. ಮ್ಯಾಸ್ಟೊಡಾನ್ ಬಳಸುವ 2,048 ಬಿಟ್ಟಿನ ಕೀಲಿಯಲ್ಲಿ ಈ ಗುಣಲಬ್ಧವನ್ನು ದಶಮಾನದಲ್ಲಿ ಬರೆದರೆ 617 ಅಂಕಿಗಳಾಗುತ್ತವೆ.

ಪರವಾನಗಿಯ ಹುಟ್ಟು

ಇನ್ನು ಕಾನೂನಿನ ಭಾಗಕ್ಕೆ ಬರೋಣ. ಪ್ರೋಗ್ರಾಮನ್ನು ಮನುಷ್ಯರು ಓದಿ ತಿಳಿಯುವ ರೂಪದಲ್ಲಿ ಬರೆದುದಕ್ಕೆ ಆಕರ ಸಂಕೇತ ಅಥವಾ ಸೋರ್ಸ್ ಕೋಡ್ ಎಂದು ಹೆಸರು. ಕಾನೂನಿನ ದೃಷ್ಟಿಯಲ್ಲಿ ಇದೊಂದು ಸಾಹಿತ್ಯಕೃತಿ. ನಮ್ಮ ದೇಶದ 1957ರ ಕೃತಿಸ್ವಾಮ್ಯ ಶಾಸನಕ್ಕೆ 1984ರಲ್ಲಿ ಮಾಡಿದ ತಿದ್ದುಪಡಿಯಿಂದ ಕಂಪ್ಯೂಟರ್ ಪ್ರೋಗ್ರಾಂ ಸಾಹಿತ್ಯಕೃತಿಗಳ ಸಾಲಿಗೆ ಸೇರಿತು. ಆದುದರಿಂದ ಬರೆದವನ ಅನುಮತಿಯಿಲ್ಲದೆ ಅದನ್ನು ನಕಲುಮಾಡಿ ಹಂಚುವ ಅಧಿಕಾರ ಇತರರಿಗಿಲ್ಲ. ಆ ಅನುಮತಿಯನ್ನು ಷರತ್ತುಗಳೊಂದಿಗೆ ಬರೆದುಕೊಡುವ ಪತ್ರವೇ ಪರವಾನಗಿ.

ಅಮೆರಿಕದ ರಿಚರ್ಡ್ ಸ್ಟಾಲ್ಮನ್ ಅವರು 1983ರಲ್ಲಿ ಗ್ನೂ ಎಂಬ ಮುಕ್ತ ತಂತ್ರಾಂಶದ ಯೋಜನೆಯನ್ನು ಸಾರಿ, 1989ರಲ್ಲಿ ಅದಕ್ಕಾಗಿ ಜಿ.ಪಿ.ಎಲ್. ಎಂಬ ಪರವಾನಗಿಯನ್ನು ಹೊರತಂದರು. ಅದರ ಯುಕ್ತಿ ಚಮತ್ಕಾರವಾದುದು. ಕೃತಿಸ್ವಾಮ್ಯವನ್ನು ಅದು ತ್ಯಜಿಸುವುದಿಲ್ಲ. ಇತರರನ್ನು ತಡೆಯಲೆಂದು ಇರುವ ಆ ಅಧಿಕಾರವನ್ನೇ ಬಾಗಿಲು ತೆರೆದಿಡುವುದಕ್ಕೆ ಬಳಸಿಕೊಳ್ಳುತ್ತದೆ. ಪ್ರೋಗ್ರಾಮನ್ನು ನಡೆಸಬಹುದು, ಓದಬಹುದು, ತಿದ್ದಬಹುದು, ಹಂಚಬಹುದು. ಆದರೆ ಹಂಚುವವನು ಪಡೆಯುವವನಿಗೂ ಇವೇ ಸ್ವಾತಂತ್ರ್ಯಗಳನ್ನೂ ಆಕರ ಸಂಕೇತವನ್ನೂ ಕೊಡಲೇಬೇಕು. ಬರೆದವರ ಹೆಸರನ್ನೂ ಪರವಾನಗಿಯ ಒಕ್ಕಣೆಯನ್ನೂ ಉಳಿಸಿಕೊಂಡರೆ ಸಾಕು, ತಿದ್ದಿದುದನ್ನು ಬಚ್ಚಿಟ್ಟರೂ ಸರಿಯೇ ಎನ್ನುವ ಸಡಿಲವಾದ ಪರವಾನಗಿಗಳೂ ಉಂಟು; ಎಂ.ಐ.ಟಿ. ಪರವಾನಗಿ ಆ ಬಗೆಯದು.

ಮುಚ್ಚಬೇಕಾದ ಕಿಂಡಿ

1989ರಲ್ಲಿ ಪ್ರೋಗ್ರಾಂ ಎಂದರೆ ಫ್ಲಾಪಿಯಲ್ಲೋ ಟೇಪಿನಲ್ಲೋ ಕೈಯಿಂದ ಕೈಗೆ ಸಾಗುವ ವಸ್ತು. ಆದುದರಿಂದ ಜಿ.ಪಿ.ಎಲ್.ನ ಕರ್ತವ್ಯಗಳು ಪ್ರತಿಯನ್ನು ಹಂಚುವ ಕ್ರಿಯೆಗೆ ಕಟ್ಟುಬಿದ್ದಿದ್ದವು. ಅಂತರಜಾಲ ಬೆಳೆದ ಮೇಲೆ ಸ್ಥಿತಿ ಬದಲಾಯಿತು. ಸರ್ವರಿನಲ್ಲಿರುವ ಪ್ರೋಗ್ರಾಂ ಬಳಕೆದಾರನ ಕೈಗೆ ಬರುವುದೇ ಇಲ್ಲ. ಅದರ ಕೆಲಸದ ಫಲ ಮಾತ್ರ ಪರದೆಯ ಮೇಲೆ ಕಾಣುತ್ತದೆ. ಹಂಚಿಕೆ ನಡೆಯದೆ ಇದ್ದಾಗ ಷರತ್ತೂ ಜಾಗೃತವಾಗುವುದಿಲ್ಲ. ಮೊದಲು ಹೇಳಿದ ಹೋಟೆಲಿನ ಯಜಮಾನನು ಜಿ.ಪಿ.ಎಲ್. ಪ್ರಕಾರ ಯಾವ ತಪ್ಪನ್ನೂ ಮಾಡಿಲ್ಲ! ಸಾವಿರಾರು ಜನರು ಕೂಡಿ ಬರೆದ ತಂತ್ರಾಂಶವನ್ನು ಒಂದು ಸಂಸ್ಥೆ ತೆಗೆದುಕೊಂಡು, ಗುಟ್ಟಾಗಿ ತಿದ್ದಿ, ಅದರ ಸೇವೆಯನ್ನು ಮಾರಬಹುದು. ತಿದ್ದಿದುದನ್ನು ಯಾರಿಗೂ ತೋರಿಸಬೇಕಾಗಿಲ್ಲ.

ಈ ಕಿಂಡಿಯನ್ನು ಮುಚ್ಚಲು 2002ರಲ್ಲಿ ಅಫೆರೊ ಎಂಬ ಸಂಸ್ಥೆಯ ಹೆಸರಿನಲ್ಲಿ ಹೊಸ ಪರವಾನಗಿಯೊಂದು ಹೊರಟಿತು. ಅದನ್ನು ಪರಿಷ್ಕರಿಸಿ, ಸ್ಟಾಲ್ಮನ್ ಸ್ಥಾಪಿಸಿದ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ 2007ರ ನವೆಂಬರಿನಲ್ಲಿ ಎ.ಜಿ.ಪಿ.ಎಲ್. ಮೂರನೆಯ ಆವೃತ್ತಿಯನ್ನು ಪ್ರಕಟಿಸಿತು. ಇದರ 13ನೆಯ ಪ್ರಕರಣವೇ ಅದರ ಜೀವಾಳ. ಪ್ರೋಗ್ರಾಮನ್ನು ತಿದ್ದಿದವನು, ಜಾಲದ ಮೂಲಕ ಆ ತಿದ್ದಿದ ರೂಪದೊಡನೆ ವ್ಯವಹರಿಸುವ ಎಲ್ಲ ಬಳಕೆದಾರರಿಗೂ ಅದರ ಆಕರ ಸಂಕೇತವನ್ನು ಹಣ ಪಡೆಯದೆ ಒದಗಿಸುವುದಾಗಿ ಎದ್ದುಕಾಣುವಂತೆ ತಿಳಿಸಬೇಕು ಎಂದು ಅದು ವಿಧಿಸುತ್ತದೆ. ಎಂದರೆ ಬರಿಯ ಊಟ ಮಾಡಿದವನಿಗೂ ಪುಸ್ತಕವನ್ನು ಕೇಳುವ ಹಕ್ಕು ಬಂದಂತಾಯಿತು. ತಿದ್ದದೆ ಇದ್ದಹಾಗೆಯೇ ನಡೆಸುವವನಿಗೆ ಈ ಪ್ರಕರಣ ಅನ್ವಯಿಸುವುದಿಲ್ಲ. ಅದರ ಆಕರ ಸಂಕೇತ ಹೇಗೂ ಎಲ್ಲರಿಗೂ ದೊರೆಯುತ್ತಿರುತ್ತದೆ.

ಐಡೆಂಟಿಕಾ, ಡಯಾಸ್ಪೊರಾ, ಮ್ಯಾಸ್ಟೊಡಾನ್ ಮೂರೂ ಈ ಪರವಾನಗಿಯನ್ನೇ ಆರಿಸಿಕೊಂಡವು. ಎಲ್ಲರಿಗೂ ಇದು ಹಿತವಾಗಿದೆ ಎಂದಲ್ಲ. ಗೂಗಲ್ ಸಂಸ್ಥೆಯು ತನ್ನ ಕೆಲಸದಲ್ಲಿ ಎ.ಜಿ.ಪಿ.ಎಲ್. ತಂತ್ರಾಂಶವನ್ನು ಬಳಸಕೂಡದೆಂದು ನಿಯಮವನ್ನೇ ಪ್ರಕಟಿಸಿದೆ. ತಮ್ಮ ಕೃತಿ ಆದಷ್ಟು ವಿಸ್ತಾರವಾಗಿ ಬಳಕೆಗೆ ಬರಲೆಂದು ಬಯಸುವವರು ಈ ಕಾರಣದಿಂದ ಸಡಿಲವಾದ ಪರವಾನಗಿಯತ್ತ ಒಲಿಯುವುದೂ ಸಹಜವೇ.

ಒಂದು ಪರೀಕ್ಷೆ

ಬರೆದಿಟ್ಟ ಷರತ್ತು ಕಾಗದದಲ್ಲೇ ಉಳಿಯುತ್ತದೆಯೆ, ಅಥವಾ ಅದಕ್ಕೆ ಬಲವುಂಟೆ? 2021ರ ಅಕ್ಟೋಬರಿನಲ್ಲಿ ಇದರ ಪರೀಕ್ಷೆಯಾಯಿತು. ಡೊನಾಲ್ಡ್ ಟ್ರಂಪ್ ಅವರ ಮಾಧ್ಯಮ ಸಂಸ್ಥೆ ಟ್ರೂತ್ ಸೋಷಿಯಲ್ ಎಂಬ ಜಾಲತಾಣವನ್ನು ಘೋಷಿಸಿತು. ಅದರ ಪ್ರಾಯೋಗಿಕ ರೂಪವನ್ನು ಹುಡುಕಿ ತೆಗೆದ ಕೆಲವರು, ಅದು ಮ್ಯಾಸ್ಟೊಡಾನಿನ ತಿದ್ದಿದ ರೂಪವೇ ಎಂಬುದನ್ನು ಗುರುತಿಸಿದರು. ಆದರೆ ತಾಣದ ನಿಬಂಧನೆಗಳಲ್ಲಿ ಆಕರ ಸಂಕೇತವೆಲ್ಲ ತಮ್ಮ ಖಾಸಗಿ ಸ್ವತ್ತೆಂದು ಹೇಳಿತ್ತು. ಆಕರ ಸಂಕೇತವನ್ನು ಎಲ್ಲಿಯೂ ಕೊಟ್ಟಿರಲಿಲ್ಲ.

ಮ್ಯಾಸ್ಟೊಡಾನಿನವರು ಆ ತಿಂಗಳ ಕೊನೆಯ ವಾರದಲ್ಲಿ ಕ್ರಮವಾಗಿ ಪತ್ರ ಬರೆದು ಆಕರ ಸಂಕೇತವನ್ನು ಕೇಳಿದರು. ಪರವಾನಗಿಯ 8ನೆಯ ಪ್ರಕರಣದಲ್ಲಿ ಇದಕ್ಕೆ ದಾರಿಯಿದೆ. ಷರತ್ತನ್ನು ಮುರಿದವನು ತಂತ್ರಾಂಶವನ್ನು ಬಳಸುವ ಅನುಮತಿಯನ್ನು ಕಳೆದುಕೊಳ್ಳುತ್ತಾನೆ. ಮೊದಲ ಸಲದ ತಪ್ಪಾದರೆ, ಸೂಚನೆ ಬಂದ 30 ದಿನಗಳೊಳಗೆ ಸರಿಪಡಿಸಿಕೊಂಡಲ್ಲಿ ಅನುಮತಿ ಮರಳಿ ಬರುತ್ತದೆ. ನವೆಂಬರಿನಲ್ಲಿ ಟ್ರೂತ್ ಸೋಷಿಯಲ್ ತಾಣದಲ್ಲಿ ಆಕರ ಸಂಕೇತದ ಒಂದು ಕಡತ ಕಾಣಿಸಿಕೊಂಡಿತು. ನ್ಯಾಯಾಲಯದ ಮೆಟ್ಟಿಲನ್ನು ಯಾರೂ ಹತ್ತಬೇಕಾಗಲಿಲ್ಲ.

ಇಲ್ಲಿ ಇನ್ನೊಂದು ಅಂಶವನ್ನು ಗಮನಿಸಬೇಕು. ಆ ತಾಣವನ್ನು ನಿಲ್ಲಿಸಬೇಕೆಂದು ಪರವಾನಗಿಯ ಬಲದಿಂದ ಕೇಳುವಂತಿರಲಿಲ್ಲ. ಮುಕ್ತ ಪರವಾನಗಿ ಬಳಸುವವನ ಅಭಿಪ್ರಾಯವನ್ನು ವಿಚಾರಿಸುವುದಿಲ್ಲ. 2019ರಲ್ಲಿ ಗ್ಯಾಬ್ ಎಂಬ ತಾಣ ಮ್ಯಾಸ್ಟೊಡಾನಿನ ತಂತ್ರಾಂಶಕ್ಕೆ ಬದಲಾಯಿಸಿಕೊಂಡಾಗ ಮ್ಯಾಸ್ಟೊಡಾನನ್ನು ಬರೆದವರಿಗೆ ಅದು ಹಿಡಿಸಲಿಲ್ಲ, ಆದರೂ ತಡೆಯಲಾಗಲಿಲ್ಲ. ಬೇರೆ ಬೇರೆ ಸರ್ವರುಗಳನ್ನು ನಡೆಸುವವರು ಅದರೊಡನೆ ಸಂದೇಶಗಳ ವಿನಿಮಯವನ್ನು ಮಾತ್ರ ಕಡಿದುಕೊಂಡರು.

ಪರವಾನಗಿಯ ಮಿತಿಗಳು

ಪರವಾನಗಿಯಿಂದ ಆಗುವುದನ್ನು ಹೇಳಿದಂತೆ ಆಗದುದನ್ನೂ ಹೇಳುವುದು ನ್ಯಾಯ. ಮೊದಲನೆಯದಾಗಿ, ಪ್ರೋಗ್ರಾಂ ಬಯಲಾಗಿದ್ದ ಮಾತ್ರಕ್ಕೆ ನಮ್ಮ ಗುಟ್ಟು ಭದ್ರವಾಗುವುದಿಲ್ಲ. ಮ್ಯಾಸ್ಟೊಡಾನಿನಲ್ಲಿ ಇಬ್ಬರ ನಡುವೆ ಮಾತ್ರ ನಡೆಯುವ ಸಂದೇಶಗಳನ್ನೂ ಸರ್ವರನ್ನು ನಡೆಸುವವನು ಇಚ್ಛಿಸಿದರೆ ಓದಬಲ್ಲನು. ಎರಡನೆಯದಾಗಿ, ತೋರಿಸಿದ ಆಕರ ಸಂಕೇತವೇ ಸರ್ವರಿನಲ್ಲಿ ನಡೆಯುತ್ತಿದೆಯೆ ಎಂಬುದನ್ನು ದೂರದಿಂದ ಪ್ರಮಾಣೀಕರಿಸುವುದು ಸುಲಭವಲ್ಲ. ಮೂರನೆಯದಾಗಿ, ಪ್ರೋಗ್ರಾಮಿಗೆ ಬೆಲೆಯಿಲ್ಲದಿದ್ದರೂ ಯಂತ್ರಕ್ಕೂ ವಿದ್ಯುತ್ತಿಗೂ ಅನುಚಿತ ಬರಹಗಳನ್ನು ತೆಗೆದುಹಾಕುವವರ ಶ್ರಮಕ್ಕೂ ಬೆಲೆಯುಂಟು. ಅನೇಕ ಸರ್ವರುಗಳು ಬಳಕೆದಾರರ ವಂತಿಗೆಯಿಂದಲೇ ನಡೆಯುತ್ತಿವೆ. ನಡೆಸುವವನು ದಣಿದು ಕೈಬಿಟ್ಟರೆ ಸರ್ವರು ಮುಚ್ಚಿಹೋಗುತ್ತದೆ.

ನಿಯಮಾವಳಿಯೂ ಪರವಾನಗಿಯೂ ಒಂದೇ ಅಲ್ಲ ಎಂಬುದನ್ನೂ ಮರೆಯಬಾರದು. ಮೆಟಾ ಸಂಸ್ಥೆ 2023ರಲ್ಲಿ ತೆರೆದ ಥ್ರೆಡ್ಸ್ ತಾಣ ಆಕ್ಟಿವಿಟಿಪಬ್ ನಿಯಮವನ್ನು ಅಳವಡಿಸಿಕೊಂಡು, 2024ರಲ್ಲಿ ಕೆಲವು ದೇಶಗಳ ಬಳಕೆದಾರರಿಗೆ ಮ್ಯಾಸ್ಟೊಡಾನಿನ ಕಡೆಗೆ ಬರಹಗಳನ್ನು ಕಳುಹಿಸುವ ಅನುಕೂಲವನ್ನು ಕೊಟ್ಟಿತು. ಹಾಗೆಂದು ಥ್ರೆಡ್ಸ್ ತಾಣದ ಆಕರ ಸಂಕೇತವನ್ನು ನಾವು ನೋಡಲಾರೆವು. ನಿಯಮಾವಳಿ ಮನೆಗಳ ನಡುವಣ ರಸ್ತೆ. ಪರವಾನಗಿ ಮನೆಯ ನಕ್ಷೆ. ಒಂದಿದ್ದರೆ ಇನ್ನೊಂದು ಇದ್ದೇ ಇರುತ್ತದೆಂದು ಭಾವಿಸಬಾರದು.

ಆದರೆ ಎರಡೂ ಕೂಡಿದಲ್ಲಿ ಬಳಕೆದಾರನಿಗೆ ಹೊಸದೊಂದು ಶಕ್ತಿ ಬರುತ್ತದೆ. 2019ರ ನವೆಂಬರಿನಲ್ಲಿ ಟ್ವಿಟರ್ ಕೆಲವು ಖಾತೆಗಳನ್ನು ತಡೆಹಿಡಿದ ರೀತಿಯಿಂದ ಅಸಮಾಧಾನಗೊಂಡು ಭಾರತದ ಅನೇಕರು ಮ್ಯಾಸ್ಟೊಡಾನಿಗೆ ಬಂದರು. ಟ್ವಿಟರನ್ನು ಬಿಡುವಾಗ ಅವರು ಅಲ್ಲಿಯ ಓದುಗರನ್ನೆಲ್ಲ ಬಿಟ್ಟೇ ಬರಬೇಕಾಯಿತು. ಮ್ಯಾಸ್ಟೊಡಾನಿನ ಒಂದು ಸರ್ವರಿನಿಂದ ಇನ್ನೊಂದಕ್ಕೆ ಹೋಗುವವನಿಗೆ ಈ ಕಷ್ಟ ಬಹಳ ಕಡಮೆ. ಅವನ ಓದುಗರ ಪಟ್ಟಿ ಹೊಸ ವಿಳಾಸಕ್ಕೆ ತಿರುಗುತ್ತದೆ. ಹಳೆಯ ಬರಹಗಳು ಮಾತ್ರ ಹಳೆಯ ಸರ್ವರಿನಲ್ಲೇ ಉಳಿಯುತ್ತವೆ. ಯಾವ ಸರ್ವರೂ ಒಪ್ಪಿಗೆಯಾಗದಿದ್ದರೆ ಅದೇ ತಂತ್ರಾಂಶದಿಂದ ತನ್ನದೇ ಸರ್ವರನ್ನು ಹೂಡಬಹುದು. ಬಿಟ್ಟುಹೋಗಬಲ್ಲವರನ್ನು ಉಳಿಸಿಕೊಳ್ಳಬೇಕಾದ ಒಡೆಯನು ಎಚ್ಚರಿಕೆಯಿಂದ ನಡೆದುಕೊಳ್ಳುತ್ತಾನೆ.

ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ಇಂದು ಕಾಲೇಜಿನ ಪ್ರಾಜೆಕ್ಟಿಗಾಗಿ ಪ್ರೋಗ್ರಾಮುಗಳನ್ನು ಬರೆದು ಜಾಲದಲ್ಲಿ ಪ್ರಕಟಿಸುತ್ತಾರೆ. ಪರವಾನಗಿಯನ್ನು ಬರೆಯದೆ ಪ್ರಕಟಿಸಿದ ಆಕರ ಸಂಕೇತ ಮುಕ್ತ ತಂತ್ರಾಂಶವಾಗುವುದಿಲ್ಲ; ಕೃತಿಸ್ವಾಮ್ಯ ತಾನಾಗಿ ಬರೆದವರಲ್ಲೇ ನಿಲ್ಲುತ್ತದೆ, ಇತರರು ಅದನ್ನು ನೋಡಬಹುದಲ್ಲದೆ ತೆಗೆದುಕೊಂಡು ಬೆಳೆಸುವಂತಿಲ್ಲ. ಪರವಾನಗಿಯನ್ನು ಮೊದಲೇ ಯೋಚಿಸಿ ಆರಿಸಬೇಕಾದುದಕ್ಕೆ ಮತ್ತೊಂದು ಕಾರಣವೂ ಉಂಟು. ಹತ್ತಾರು ಮಂದಿಯ ಬರವಣಿಗೆ ಸೇರಿಹೋದ ಮೇಲೆ, ಅವರೆಲ್ಲರ ಒಪ್ಪಿಗೆಯಿಲ್ಲದೆ ಸಾಮಾನ್ಯವಾಗಿ ಪರವಾನಗಿಯನ್ನು ಬದಲಾಯಿಸಲಾಗದು. ಆದುದರಿಂದ ಬರೆಯುವ ಪ್ರೋಗ್ರಾಂ ಒಬ್ಬರ ಕೈಯಲ್ಲಿ ಓಡುವುದೋ, ಸರ್ವರಿನಲ್ಲಿ ಕುಳಿತು ಹಲವರಿಗೆ ಸೇವೆ ಮಾಡುವುದೋ ಎಂಬುದನ್ನು ಮೊದಲು ನಿಶ್ಚಯಿಸಿಕೊಂಡು, ಮೊದಲನೆಯ ಪ್ರತಿಯನ್ನು ಪ್ರಕಟಿಸುವ ದಿನವೇ ತಕ್ಕ ಪರವಾನಗಿಯನ್ನು ಅದರೊಡನೆ ಸೇರಿಸುವುದು ಒಳ್ಳೆಯದು.